ಅಣುಬಾಂಬ್ ಲ್ಯಾಬಿನಿಂದ ‘ಲೈಲಾ’ತನಕ: ಟಾಮ್ ಡೌಡ್ ಎಂಬ ಅದ್ಭುತ

ಮೊದಲು ಒಂದಿಷ್ಟು ಹಾಡುಗಳ ಪಟ್ಟಿ. 1959ರಲ್ಲಿ ರೇ ಚಾರ್ಲ್ಸ್ ಅಮೆರಿಕವನ್ನೇ ಕುಣಿಸಿದ ‘ವಾಟ್‌ಡ್ ಐ ಸೇ’. ಅದೇ ವರ್ಷ ಜಾನ್ ಕೋಲ್ಟ್ರೇನ್ ಉಸಿರಿಗೂ ಪುರುಸೊತ್ತು ಕೊಡದೆ ಸ್ಯಾಕ್ಸೊಫೋನಿನಲ್ಲಿ ನುಡಿಸಿದ ‘ಜೈಂಟ್ ಸ್ಟೆಪ್ಸ್’. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಗುಡುಗಿದ ‘ರೆಸ್ಪೆಕ್ಟ್’. ಅದೇ ವರ್ಷ ಲಂಡನ್ನಿನ ಕ್ರೀಮ್ ತಂಡದ ‘ಸನ್‌ಶೈನ್ ಆಫ್ ಯುವರ್ ಲವ್’. 1970ರ ‘ಲೈಲಾ’. 1971ರಲ್ಲಿ ಆಲ್‌ಮನ್ ಬ್ರದರ್ಸ್ ವೇದಿಕೆಯ ಮೇಲೆ ಹೆಚ್ಚುಕಡಿಮೆ 23 ನಿಮಿಷ ಬಿಡದೆ ಬಾರಿಸಿದ ‘ವಿಪಿಂಗ್ ಪೋಸ್ಟ್’. ಕೊನೆಗೆ 1978ರಲ್ಲಿ ಡಿಸ್ಕೊ ದೀಪಗಳ ಕೆಳಗೆ ರಾಡ್ ಸ್ಟುವರ್ಟ್ ಹಾಡಿದ ‘ಡಾ ಯಾ ಥಿಂಕ್ ಐಯಾಮ್ ಸೆಕ್ಸಿ’.

ಸೋಲ್, ಜಾಸ್, ಹಾರ್ಡ್ ರಾಕ್, ಬ್ಲೂಸ್, ಡಿಸ್ಕೊ! ಹಾಡಿದವರು ಬೇರೆ, ಊರು ಬೇರೆ, ಕೇಳುವವರ ಬಳಗವೂ ಬೇರೆ. ಜಾಸ್ ಆರಾಧಕನಿಗೆ ರಾಡ್ ಸ್ಟುವರ್ಟ್ ಹೆಸರೆತ್ತಿದರೆ ಮುಖ ಸಿಂಡರಿಸುತ್ತದೆ. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವುದು ಸಾಧ್ಯವೇ?

ಸಾಧ್ಯ. ಏಕೆಂದರೆ ಇಷ್ಟೂ ಹಾಡುಗಳು ಹುಟ್ಟುವಾಗ ಧ್ವನಿಮುದ್ರಣದ ಮೇಜಿನ ಮುಂದೆ ಕೂತಿದ್ದವನು ಒಬ್ಬನೇ! ಹೆಸರು ಟಾಮ್ ಡೌಡ್. ಈ ಹಾಡುಗಳಲ್ಲಿ ಅವನ ಕಂಠವಿಲ್ಲ. ಅವನ ಭಾವಚಿತ್ರವಿರುವ ಪೋಸ್ಟರನ್ನು ಯಾವ ಹುಡುಗನೂ ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿರಲಿಕ್ಕಿಲ್ಲ. ರೆಕಾರ್ಡಿನ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಅವನ ಹೆಸರು ಇರುತ್ತದೆ, ಅಷ್ಟೆ.

ಇನ್ನೂ ಬೆರಗಾಗಬೇಕೆ? ಈ ಮನುಷ್ಯ ಸಂಗೀತಕ್ಕೆ ಬರುವ ಮುಂಚೆ ಅಣುಬಾಂಬ್ ತಯಾರಿಕೆಯ ಗುಪ್ತ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದ!

ನ್ಯೂಟ್ರಾನಿನ ಹುಡುಗ

1925ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಹುಟ್ಟಿದವನು ಡೌಡ್. ತಾಯಿ ಆಪೆರಾ ಗಾಯಕಿ. ತಂದೆ ವಾದ್ಯವೃಂದದಲ್ಲಿ ಪ್ರಧಾನ ಪಿಟೀಲುವಾದಕ. ಹುಡುಗ ಪಿಯಾನೊ, ಪಿಟೀಲು, ಬೇಸ್ ಎಲ್ಲವನ್ನೂ ಕಲಿತ. ಗಣಿತ, ಭೌತಶಾಸ್ತ್ರಗಳಲ್ಲೂ ಮುಂದು. 1942ರಲ್ಲಿ, ಹದಿನಾರು ವರ್ಷಕ್ಕೇ ಹೈಸ್ಕೂಲು ಮುಗಿಸಿ ಕೊಲಂಬಿಯಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಕೆಲಸಕ್ಕೆ ಸೇರಿಕೊಂಡ.

ಕಾಲ ಯಾವುದು ನೋಡಿ. ಎರಡನೆಯ ಮಹಾಯುದ್ಧ ಧಗಧಗಿಸುತ್ತಿದೆ. ಅದೇ ವಿಶ್ವವಿದ್ಯಾಲಯದ ಗೋಡೆಗಳ ನಡುವೆ ‘ಮ್ಯಾನ್‌ಹಟನ್ ಪ್ರಾಜೆಕ್ಟ್’ ಸದ್ದಿಲ್ಲದೆ ಸಾಗಿದೆ. ಸೈಕ್ಲೊಟ್ರಾನ್ ಯಂತ್ರದ ಬಳಿ ನಿಂತು, ನ್ಯೂಟ್ರಾನ್ ಕಿರಣಗಳನ್ನು ಒಂದೊಂದೇ ಧಾತುವಿನ ಮೇಲೆ ಹಾಯಿಸಿ, ಏನಾಗುತ್ತದೆಂದು ಅಳೆಯುವ ಕೆಲಸ ಈ ಹುಡುಗನದು. ಹದಿನೆಂಟು ತುಂಬಿದಾಗ ಸೈನ್ಯ ಕರೆಸಿಕೊಂಡಿತು. ಸಾರ್ಜೆಂಟ್ ಪದವಿ ಕೊಟ್ಟು ಅದೇ ಕೆಲಸಕ್ಕೆ ಮರಳಿ ಹಚ್ಚಿತು. 1946ರಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿತಲ್ಲ, ಅಲ್ಲಿ ವಿಕಿರಣ ಪತ್ತೆಹಚ್ಚುವವರ ಜೊತೆ ಈತನೂ ಇದ್ದ.

ಯುದ್ಧ ಆಗಲೇ ಮುಗಿದಿತ್ತು. ಪದವಿ ಪೂರೈಸಿ ಅಣುವಿಜ್ಞಾನಿಯಾಗಬೇಕೆಂಬ ಕನಸು ಹೊತ್ತು ಡೌಡ್ ಹಿಂದಿರುಗಿದ. ತರಗತಿಯಲ್ಲಿ ಕೂತರೆ ಎಂಥ ವಿಚಿತ್ರ! ಮೇಷ್ಟರು ಹೇಳುತ್ತಿರುವುದು ಹಳತಾಗಿಬಿಟ್ಟಿದೆ. ಅವರಿಗಿಂತ ಎಷ್ಟೋ ಮುಂದಿನದನ್ನು ಇವನು ಕೈಯಾರೆ ಮಾಡಿ ಬಂದಿದ್ದಾನೆ. ಆದರೆ ಬಾಯಿ ಬಿಡುವಂತಿಲ್ಲ, ಅದೆಲ್ಲ ದೇಶದ ಗುಟ್ಟು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ವರ್ಷಗಟ್ಟಲೆ ಬೆಂಚಿನ ಮೇಲೆ ಕೂರುವುದು ಹೇಗೆ? ವಿಜ್ಞಾನಕ್ಕೆ ಕೈಮುಗಿದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿಬಿಟ್ಟ.

ಸರ್ಕಾರದ ಒಂದು ಮೊಹರು, ‘ಗೋಪ್ಯ’ ಎಂಬ ಮೊಹರು, ರಾಕ್ ಸಂಗೀತಕ್ಕೆ ಅವನನ್ನು ದಯಪಾಲಿಸಿತು. ಆ ಕಡತಗಳು ಬೇಗ ಬಯಲಾಗಿದ್ದರೆ ಡೌಡ್ ಯಾವುದೋ ರಿಯಾಕ್ಟರಿನ ಪಕ್ಕದಲ್ಲಿ ಬಿಳಿ ಕೋಟು ತೊಟ್ಟು ನಿವೃತ್ತನಾಗುತ್ತಿದ್ದನೇನೋ! ಅವನ ಮೊದಲ ದೊಡ್ಡ ಯಶಸ್ಸು ಯಾವುದು ಬಲ್ಲಿರಾ? 1950ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಐಲೀನ್ ಬಾರ್ಟನ್ ಹಾಡು. ನೀನು ಬರುವುದು ಗೊತ್ತಿದ್ದರೆ ಕೇಕ್ ಮಾಡಿಡುತ್ತಿದ್ದೆ ಎನ್ನುವ ತಮಾಷೆಯ ಹಾಡು. ಬಿಕಿನಿಯ ಬೆಂಕಿಗೂ ಆ ಕೇಕಿಗೂ ನಡುವೆ ನಾಲ್ಕೇ ವರ್ಷ!

ಸಂಜೆಯಾದರೆ ಆಫೀಸೇ ಸ್ಟುಡಿಯೋ

ಆ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಇನ್ನೊಂದು ಹುಚ್ಚು ಸಾಹಸ ಶುರುವಾಗಿತ್ತು. ವಾಷಿಂಗ್ಟನ್ನಿನಲ್ಲಿ ಟರ್ಕಿಯ ರಾಯಭಾರಿಯಾಗಿದ್ದವರ ಮಗ ಅಹ್ಮೆತ್ ಎರ್ಟೆಗುನ್‌ಗೆ ಕಪ್ಪು ಜನರ ಸಂಗೀತವೆಂದರೆ ಪ್ರಾಣ. ಪರಿಚಯದ ದಂತವೈದ್ಯರೊಬ್ಬರಿಂದ 10,000 ಡಾಲರ್ ಸಾಲ ಪಡೆದು, ಹರ್ಬ್ ಅಬ್ರಾಮ್ಸನ್ ಜೊತೆ ಸೇರಿ 1947ರಲ್ಲಿ ‘ಅಟ್ಲಾಂಟಿಕ್ ರೆಕಾರ್ಡ್ಸ್’ ಕಂಪನಿ ತೆರೆದ. 1953ರಲ್ಲಿ ಜೆರ‍್ರಿ ವೆಕ್ಸ್ಲರ್ ಜೊತೆಗೂಡಿದ. ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನು ಪತ್ರಿಕೆಯಲ್ಲಿ ಚಾಲ್ತಿಗೆ ತಂದವನೇ ಈ ವೆಕ್ಸ್ಲರ್.

ಕಂಪನಿಯ ಆಫೀಸು ಪಶ್ಚಿಮ 56ನೆಯ ಬೀದಿಯ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ. ಹಗಲೆಲ್ಲ ಲೆಕ್ಕಪತ್ರ, ಫೋನು, ವ್ಯಾಪಾರ. ಸಂಜೆಯಾಯಿತೆಂದರೆ ಮಾಲೀಕರೇ ಎದ್ದು ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತರಿಸುವುದು, ಕಂಪನಿಗಾಗಿ ಧ್ವನಿ ಮುದ್ರಿಸುತ್ತಿದ್ದ ಡೌಡ್ ಬಂದು ಮೈಕು ನಿಲ್ಲಿಸುವುದು. ಆಫೀಸೇ ಸ್ಟುಡಿಯೋ! ನೆಲದ ಹಲಗೆಗಳು ಕಿರುಗುಟ್ಟುತ್ತಿದ್ದವು. 1954ರ ‘ಶೇಕ್ ರ‍್ಯಾಟಲ್ ಅಂಡ್ ರೋಲ್’ ಹಾಡಿನಲ್ಲಿ ಬಿಗ್ ಜೋ ಟರ್ನರ್ ಬೆನ್ನಿಗೆ ನಿಂತು ಕೂಗುವವರು ಯಾರು ಗೊತ್ತೆ? ಸ್ವತಃ ಎರ್ಟೆಗುನ್ ಮತ್ತು ವೆಕ್ಸ್ಲರ್! ಸಂಬಳ ಕೊಡುವವರೇ ಕೋರಸ್ ಹಾಡಿದ ಆ ಹಾಡು ರಾಕ್ ಅಂಡ್ ರೋಲ್‌ನ ಬುನಾದಿ ಕಲ್ಲುಗಳಲ್ಲೊಂದು.

ಡೌಡ್ ಅಲ್ಲಿ ಏನು ಮಾಡಿದ? ಆಗಿನ ವಾಡಿಕೆಯಲ್ಲಿ ಹಾಡುಗಾರನೇ ಎಲ್ಲ. ಮೈಕು ಅವನ ಮುಂದೆ. ಡ್ರಮ್ಸ್, ಬೇಸ್ ಎಲ್ಲೋ ಹಿಂದೆ ಮಬ್ಬಾಗಿ ಗುಮ್ಮೆನ್ನುತ್ತಿದ್ದವು. ಡೌಡ್ ಲಯವಾದ್ಯಗಳಿಗೂ ಬೇರೆ ಬೇರೆ ಮೈಕು ಇಟ್ಟ. ಬೇಸ್ ಎದೆಗೆ ತಾಗಬೇಕು, ಡ್ರಮ್ಮಿನ ಪೆಟ್ಟು ಪೆಟ್ಟಾಗಿಯೇ ಕೇಳಬೇಕು, ಆದರೂ ಮಾತು ಮಸುಕಾಗಬಾರದು. ಒಂದು ಸಂಕೇತ ಇನ್ನೊಂದರಲ್ಲಿ ಮುಳುಗಿಹೋಗದಂತೆ ಬೇರ್ಪಡಿಸಿ ಅಳೆಯುವುದು ಭೌತವಿಜ್ಞಾನಿಗೆ ಉಸಿರಾಟದಷ್ಟು ಸಹಜ. ಆ ಅಭ್ಯಾಸವನ್ನೇ ಅವನು ಸಂಗೀತಕ್ಕೆ ತಂದ. ಅವನ ಇಡೀ ಬದುಕಿನ ಗುಟ್ಟು ಇದೊಂದೇ: ನುಡಿಸಿದ ಪ್ರತಿಯೊಬ್ಬನೂ ಕೇಳಿಸಬೇಕು!

ಎಂಟು ಟ್ರ್ಯಾಕು, ಹತ್ತು ಬೆರಳು

ಈಗ ಬರುತ್ತದೆ ಎದೆ ಝಲ್ಲೆನ್ನಿಸುವ ಸಂಗತಿ.

ಐವತ್ತರ ದಶಕದಲ್ಲಿ ಹಾಡೊಂದನ್ನು ಮುದ್ರಿಸುವುದೆಂದರೆ ಹಗ್ಗದ ಮೇಲಿನ ನಡಿಗೆ. ಎಲ್ಲರೂ ಒಟ್ಟಿಗೆ ನುಡಿಸಬೇಕು, ಎಲ್ಲ ಧ್ವನಿಯೂ ಆಗಲೇ ಒಂದಾಗಿ ಟೇಪಿಗೆ ಇಳಿಯಬೇಕು. ಪಿಯಾನೊ ಸ್ವಲ್ಪ ಜೋರಾಯಿತೇ? ಆಮೇಲೆ ತಗ್ಗಿಸಲು ದಾರಿಯಿಲ್ಲ, ಮತ್ತೆ ಮೊದಲಿಂದ ಹಾಡಬೇಕು. ಗಿಟಾರ್ ವಾದಕ ಲೆಸ್ ಪಾಲ್ ಇದಕ್ಕೊಂದು ಉಪಾಯ ಕನಸಿದ: ಟೇಪಿನ ಅಗಲವನ್ನು ಎಂಟು ಪಟ್ಟಿಗಳಾಗಿ ಸೀಳಿ, ಒಂದೊಂದರಲ್ಲಿ ಒಂದೊಂದು ಧ್ವನಿಯನ್ನು ಪ್ರತ್ಯೇಕವಾಗಿ ಕೂಡಿಡುವುದು. ಆಂಪೆಕ್ಸ್ ಕಂಪನಿ ಒಂದಂಗುಲ ಅಗಲದ ಟೇಪಿನ ಅಂಥ ದೈತ್ಯ ಯಂತ್ರವನ್ನು ಕಟ್ಟಿಕೊಟ್ಟಿತು. 1957ರಲ್ಲಿ ಮನೆಗೆ ಬಂದ ಆ ಯಂತ್ರಕ್ಕೆ ಲೆಸ್ ಪಾಲ್ ಇಟ್ಟ ಹೆಸರು ‘ಆಕ್ಟೊಪಸ್’.

ಸುದ್ದಿ ಡೌಡ್ ಕಿವಿಗೆ ಬಿದ್ದಿದ್ದೇ ತಡ, ನಮಗೂ ಒಂದು ಬೇಕೆಂದು ಪಟ್ಟುಹಿಡಿದ. ಎರ್ಟೆಗುನ್, ವೆಕ್ಸ್ಲರ್ ಒಪ್ಪಿದರು. 1958ರಲ್ಲಿ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಎಂಟು ಟ್ರ್ಯಾಕಿನ ಯಂತ್ರ ತಿರುಗತೊಡಗಿತು. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ. ಬೀಟಲ್ಸ್ ತಮ್ಮ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಂ ಮಾಡಿದ್ದು 1967ರಲ್ಲಿ, ನಾಲ್ಕು ಟ್ರ್ಯಾಕಿನ ಯಂತ್ರಗಳ ಮೇಲೆ! ಲಂಡನ್ನಿನ ಅವರ ಸ್ಟುಡಿಯೋ ಆಬಿ ರೋಡ್‌ನಲ್ಲಿ ಎಂಟು ಟ್ರ್ಯಾಕು ಬಳಕೆಗೆ ಬರಲು 1968 ಆಗಬೇಕಾಯಿತು. ಡೌಡ್ ಅವರಿಗಿಂತ ಒಂದು ದಶಕ ಮುಂದಿದ್ದ.

ಯಂತ್ರ ಬಂತು, ಹೊಸ ತಲೆನೋವೂ ಬಂತು. ಆಗಿನ ಮಿಕ್ಸಿಂಗ್ ಮೇಜಿನ ಮೇಲೆ ಧ್ವನಿ ಏರಿಳಿಸಲು ಇದ್ದದ್ದು ದಪ್ಪ ದಪ್ಪ ದುಂಡು ನಾಬುಗಳು. ಒಂದು ಕೈಗೆ ಒಂದು ನಾಬು. ಎರಡು ಕೈಗೆ ಎರಡು. ಧ್ವನಿಗಳೋ ಎಂಟು! ಉಳಿದ ಆರನ್ನು ತಿರುಗಿಸುವವರು ಯಾರು? ಡೌಡ್ ದುಂಡು ನಾಬುಗಳನ್ನು ಕಿತ್ತೆಸೆದು, ಮೇಲೆ ಕೆಳಗೆ ನೇರವಾಗಿ ಜಾರುವ ಗುಂಡಿಗಳನ್ನು ಒತ್ತೊತ್ತಾಗಿ ಸಾಲಾಗಿ ಜೋಡಿಸಿದ. ಒಂದೊಂದು ಬೆರಳಿಗೆ ಒಂದೊಂದು ಧ್ವನಿ. ಹಾರ್ಮೋನಿಯಂ ಮನೆಗಳ ಮೇಲೆ ಆಡುವಂತೆ ಈಗ ಹತ್ತೂ ಬೆರಳು ಆಡಬಹುದು! ಪಿಯಾನೊ ಕಲಿತ ಹುಡುಗನಿಗೆ ಹೊಳೆಯಬೇಕಾದ ಉಪಾಯವೇ ಸರಿ. ಇಂದು ಜಗತ್ತಿನ ಯಾವ ಸ್ಟುಡಿಯೋಗೆ ಹೋದರೂ, ಊರ ಜಾತ್ರೆಯ ಆರ್ಕೆಸ್ಟ್ರಾದ ಸೌಂಡ್ ಸಿಸ್ಟಂ ಮುಂದೆ ನಿಂತರೂ ಕಾಣುವ ಆ ಫೇಡರ್ ಸಾಲನ್ನು ಸಂಗೀತದ ಸ್ಟುಡಿಯೋಗಳಿಗೆ ತಂದ ಮೊದಲಿಗರಲ್ಲಿ ಡೌಡ್ ಒಬ್ಬ.

ಕತ್ತರಿಯಲ್ಲೂ ಪಳಗಿದ ಕೈ ಅವನದು. ‘ವಾಟ್‌ಡ್ ಐ ಸೇ’ ಏಳು ನಿಮಿಷಕ್ಕೂ ಮೀರಿ ಬೆಳೆದುಬಿಟ್ಟಿತ್ತು. ರೇಡಿಯೋದವರು ಮೂರು ನಿಮಿಷ ದಾಟಿದರೆ ಹಾಕುವವರಲ್ಲ. ಡೌಡ್ ಟೇಪನ್ನು ಕತ್ತರಿಸಿ ಜೋಡಿಸಿ, ಪುನರುಕ್ತಿ ತೆಗೆದು, ಒಂದೇ ರೆಕಾರ್ಡಿನ ಎರಡು ಮಗ್ಗುಲಿಗೆ ಎರಡು ಭಾಗವಾಗಿ ಕೂರಿಸಿದ. ಎರಡನ್ನೂ ಜನ ಎತ್ತಿಕೊಂಡರು.

ಕೆಟ್ಟ ಯಂತ್ರ ರಿಪೇರಿಯಾದ ದಿನ

1963ರಲ್ಲಿ ಮೆಂಫಿಸ್ ನಗರದ ಸ್ಟ್ಯಾಕ್ಸ್ ಸ್ಟುಡಿಯೋದಿಂದ ದೂರು ಬಂತು, ಟೇಪ್ ಯಂತ್ರ ಕೆಟ್ಟಿದೆಯೆಂದು. ಡೌಡ್ ವಿಮಾನ ಹತ್ತಿದ. ಹೋಗಿ ನೋಡಿದರೆ ಹಳೆಯದೊಂದು ಸಿನಿಮಾ ಮಂದಿರ! ಕುರ್ಚಿಗಳನ್ನು ಕಿತ್ತಿದ್ದಾರೆ, ಇಳಿಜಾರು ನೆಲ ಹಾಗೇ ಇದೆ. ಬಿಡಿಭಾಗ ತರಿಸಿ ಯಂತ್ರ ಸರಿಪಡಿಸಿದ. ಪರೀಕ್ಷೆಗೆಂದು ಸ್ಥಳೀಯ ವಾದ್ಯಗಾರರು ಕೂತರು. ಅಷ್ಟರಲ್ಲಿ ಹಾಡುಗಾರ ರೂಫಸ್ ಥಾಮಸ್ ಬಂದ. ‘ವಾಕಿಂಗ್ ದ ಡಾಗ್’ ಎಂಬ ಹಾಡು ಟೇಪಿಗಿಳಿಯಿತು. ರಿಪೇರಿಗೆ ಹೋದವನು ಬಗಲಲ್ಲಿ ಹಿಟ್ ಹಾಡು ಹಿಡಿದು ನ್ಯೂಯಾರ್ಕಿಗೆ ವಾಪಸು!

ಡೌಡ್‌ನನ್ನು ಬೆರಗುಗೊಳಿಸಿದ್ದು ಬೇರೆಯೇ. ಕಪ್ಪು ಜನ, ಬಿಳಿ ಜನ ಒಂದೇ ಹೋಟೆಲಿನಲ್ಲಿ ಉಣ್ಣಲಾಗದ ಊರು ಅದು. ಈ ಸ್ಟುಡಿಯೋದಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಕೂತು, ಮುಂದೆ ಒಂದು ಹಾಳೆಯನ್ನೂ ಇಟ್ಟುಕೊಳ್ಳದೆ, ಒಬ್ಬರ ಮುಖ ಒಬ್ಬರು ನೋಡುತ್ತ ಹಾಡು ಕಟ್ಟುತ್ತಿದ್ದರು. ನ್ಯೂಯಾರ್ಕಿನಲ್ಲಿ ಅಷ್ಟೆಲ್ಲ ಸ್ವರಲಿಪಿ ಬರೆಸಿ, ಗಡಿಯಾರ ನೋಡಿ ಮಾಡುತ್ತಿದ್ದ ಕೆಲಸ ಇಲ್ಲಿ ಹರಟೆಯ ಹಾಗೆ ಆಗಿಹೋಗುತ್ತಿತ್ತು.

1965ರ ಜುಲೈನಲ್ಲಿ ಅದೇ ಮಂದಿರದಲ್ಲಿ ಓಟಿಸ್ ರೆಡಿಂಗ್ ‘ಓಟಿಸ್ ಬ್ಲೂ’ ಆಲ್ಬಂ ಹಾಡಿದ. ಬೆಳಿಗ್ಗೆ ಶುರು; ರಾತ್ರಿ ವಾದ್ಯಗಾರರು ತಮ್ಮ ತಮ್ಮ ಸಂಗೀತ ಕಚೇರಿಗಳಿಗೆ ಹೋದರು; ನಡುರಾತ್ರಿ ಕಳೆದು ಎರಡು ಗಂಟೆಗೆ ಮರಳಿ ಬಂದು ಬೆಳಗಿನವರೆಗೆ ನುಡಿಸಿದರು. ಹನ್ನೊಂದರಲ್ಲಿ ಹತ್ತು ಹಾಡು ಒಂದು ದಿನದ ಆಸುಪಾಸಿನಲ್ಲಿ ಮುಗಿದವು! ಅವುಗಳಲ್ಲಿ ಓಟಿಸ್ ತಾನೇ ಬರೆದ ‘ರೆಸ್ಪೆಕ್ಟ್’ ಕೂಡ ಒಂದು. ಹತ್ತೊಂಬತ್ತು ತಿಂಗಳ ಬಳಿಕ, 1967ರ ಫೆಬ್ರವರಿ 14ರಂದು, ನ್ಯೂಯಾರ್ಕಿನಲ್ಲಿ ಅರೀಥಾ ಫ್ರಾಂಕ್ಲಿನ್ ಅದೇ ಹಾಡನ್ನು ಎತ್ತಿಕೊಂಡಳು. ಮನೆಗೆ ಬಂದ ಗಂಡಸು ಕೇಳುವ ಮರ್ಯಾದೆಯನ್ನು ಹೆಣ್ಣು ಕೇಳುವ ಮರ್ಯಾದೆಯಾಗಿ ತಿರುಗಿಸಿದಳು. ಹಾಡು ಚರಿತ್ರೆಯಾಯಿತು. ಎರಡೂ ‘ರೆಸ್ಪೆಕ್ಟ್’ಗಳ ಧ್ವನಿ ಹಿಡಿದವನು ಡೌಡ್!

ವೀಸಾ ಮುಗಿಯುವ ಮುನ್ನ ಒಂದು ಆಲ್ಬಂ

ಅದೇ 1967ರ ಮೇ ತಿಂಗಳು. ಎರಿಕ್ ಕ್ಲಾಪ್ಟನ್, ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್. ಮೂವರೇ ಇದ್ದ ಇಂಗ್ಲೆಂಡಿನ ಕ್ರೀಮ್ ತಂಡ ನ್ಯೂಯಾರ್ಕಿಗೆ ಬಂದಿಳಿಯಿತು. ವೀಸಾ ಮುಗಿಯುವುದಕ್ಕೆ ಉಳಿದದ್ದು ನಾಲ್ಕೇ ದಿನ. ಅಷ್ಟರೊಳಗೆ ಇಡೀ ಆಲ್ಬಂ ಆಗಬೇಕು.

ಸಾಮಾನು ಇಳಿಸುವುದನ್ನು ನೋಡಿ ಡೌಡ್ ದಂಗಾದ. ಆಳೆತ್ತರದ ಮಾರ್ಷಲ್ ಆಂಪ್ಲಿಫಯರುಗಳು ಒಂದರ ಮೇಲೊಂದು. ಡ್ರಮ್ಮರನಿಗೆ ಒಂದಲ್ಲ, ಎರಡು ಬೇಸ್ ಡ್ರಮ್. ಇದುವರೆಗೆ ಪಿಯಾನೊ, ಸ್ಯಾಕ್ಸೊಫೋನುಗಳ ಜೊತೆ ಬಾಳಿದ ಸ್ಟುಡಿಯೋದೊಳಗೆ ಈಗ ಗುಡುಗು. ಇವರನ್ನು ಹೇಗೆ ಹಿಡಿಯುವುದು? ಬಾಂಬ್ ಪರೀಕ್ಷೆಯನ್ನೇ ಕಂಡವನಿಗೆ ಗದ್ದಲದ ಭಯವೇ? ಎಂಟು ಟ್ರ್ಯಾಕಿನ ಮೇಲೆ ಮೂವರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿದ. ಆ ಅಬ್ಬರದಲ್ಲೂ ಬೇಸ್ ಒಂದು ಕಡೆ, ಗಿಟಾರ್ ಒಂದು ಕಡೆ, ಡ್ರಮ್ಸ್ ಇನ್ನೊಂದು ಕಡೆ ಸ್ಪಷ್ಟವಾಗಿ ಕೇಳುತ್ತವೆ. ಫೆಲಿಕ್ಸ್ ಪಪಲಾರ್ಡಿ ಪ್ರೊಡ್ಯೂಸರ್ ಆಗಿದ್ದ ಆ ಆಲ್ಬಂ ‘ಡಿಸ್‌ರೇಲಿ ಗಿಯರ್ಸ್’, ಕಾರು ಬಂದು ಅವರನ್ನು ಏರ್‌ಪೋರ್ಟಿಗೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು!

‘ಸನ್‌ಶೈನ್ ಆಫ್ ಯುವರ್ ಲವ್’ ಮಾತ್ರ ಎಷ್ಟು ಸಲ ನುಡಿಸಿದರೂ ಕೂಡಿಬರಲಿಲ್ಲವಂತೆ. ಡೌಡ್ ಹೇಳಿಕೊಂಡ ಪ್ರಕಾರ, ಕೌಬಾಯ್ ಸಿನಿಮಾಗಳಲ್ಲಿ ಅಮೆರಿಕದ ಮೂಲನಿವಾಸಿಗಳು ಬರುವಾಗ ಕೇಳುವ ಡೋಲಿನ ನಡೆಯನ್ನು ಅವನು ಬೇಕರ್‌ಗೆ ನೆನಪಿಸಿದ; ಏಟು ಮೊದಲ ಮಾತ್ರೆಯ ಮೇಲೆ ಬಿದ್ದಿತು; ಹಾಡು ಎದ್ದು ನಿಂತಿತು. ಆ ನಡೆ ತನ್ನದೇ ಎಂದು ಜಿಂಜರ್ ಬೇಕರ್ ಕೊನೆಯವರೆಗೆ ವಾದಿಸಿದ. ಜಗಳ ಯಾರು ಗೆದ್ದರೂ ಸರಿ, ಆ ಡ್ರಮ್ಸ್ ಇಲ್ಲದೆ ಆ ಹಾಡಿಲ್ಲ.

ಈ ಹೊತ್ತಿಗೆ ಡೌಡ್ ಎಂಜಿನಿಯರ್ ಪಟ್ಟದಿಂದ ಪ್ರೊಡ್ಯೂಸರ್ ಪಟ್ಟಕ್ಕೆ ದಾಟುತ್ತಿದ್ದ. ಎಂಜಿನಿಯರನದು ಮೈಕು, ಟೇಪು, ಧ್ವನಿಯ ಕೆಲಸ. ರೆಕಾರ್ಡ್ ಪ್ರೊಡ್ಯೂಸರನ ಜವಾಬ್ದಾರಿ ಅದಕ್ಕಿಂತ ದೊಡ್ಡದು. ಯಾವ ಹಾಡು, ಯಾವ ಲಯ, ಯಾರು ಎಲ್ಲಿ ನುಡಿಸಬೇಕು, ಯಾವ ಸಲ ನುಡಿಸಿದ್ದು ಉಳಿಯಬೇಕು, ಕಲಾವಿದ ಮುನಿಸಿಕೊಂಡರೆ ಏನು ಹೇಳಿ ಒಲಿಸಬೇಕು, ಎಲ್ಲ ಅವನ ತಲೆಯ ಮೇಲೆ. 1967ರಲ್ಲಿ ಅಟ್ಲಾಂಟಿಕ್ ಕಂಪನಿ 17.5 ಮಿಲಿಯನ್ ಡಾಲರಿಗೆ ಮಾರಾಟವಾಯಿತು. ಡೌಡ್ ಫ್ಲಾರಿಡಾದ ಮಯಾಮಿಗೆ ನೆಲೆ ಬದಲಿಸಿದ. ಅಲ್ಲಿನ ಕ್ರೈಟೀರಿಯಾ ಸ್ಟುಡಿಯೋ ಅವನ ಎರಡನೆಯ ಮನೆಯಾಯಿತು.

ವಾದ್ಯದ ಮೇಲಿಲ್ಲದ ಸ್ವರಗಳು

1970ರ ಆಗಸ್ಟ್. ಕ್ರೈಟೀರಿಯಾದಲ್ಲಿ ಡೌಡ್ ಎರಡು ತಂಡಗಳ ನಡುವೆ ಓಡಾಡುತ್ತಿದ್ದ. ಒಂದು, ದಕ್ಷಿಣ ರಾಜ್ಯಗಳ ಹುಡುಗರ ಆಲ್‌ಮನ್ ಬ್ರದರ್ಸ್. ಇನ್ನೊಂದು, ಹೆಸರು ಮರೆಸಿಕೊಂಡು ‘ಡೆರೆಕ್ ಅಂಡ್ ದ ಡಾಮಿನೋಸ್’ ಎಂದು ಕರೆದುಕೊಂಡಿದ್ದ ಕ್ಲಾಪ್ಟನ್ ತಂಡ. ಇತ್ತ ಡ್ವೇನ್ ಆಲ್‌ಮನ್‌ಗೆ ಕ್ಲಾಪ್ಟನ್‌ನನ್ನು ನೋಡುವಾಸೆ, ಅತ್ತ ಕ್ಲಾಪ್ಟನ್‌ಗೆ ಡ್ವೇನ್ ಗಿಟಾರ್ ಕೇಳುವಾಸೆ. ಡೌಡ್ ಏನು ಮಾಡಿದ? ಕ್ಲಾಪ್ಟನ್ ಬಳಗವನ್ನು ಕಾರಿಗೆ ತುಂಬಿಕೊಂಡು ಆಗಸ್ಟ್ 26ರ ರಾತ್ರಿ ಆಲ್‌ಮನ್ ಬ್ರದರ್ಸ್ ಕಾರ್ಯಕ್ರಮಕ್ಕೆ ನುಗ್ಗಿಸಿದ, ವೇದಿಕೆಯ ಮುಂದೆಯೇ ಕೂರಿಸಿದ.

ಡ್ವೇನ್ ಕಣ್ಣುಮುಚ್ಚಿ ನುಡಿಸುತ್ತಿದ್ದ. ನಡುವೆ ಕಣ್ಣು ತೆರೆದರೆ ಎದುರಿಗೆ ಕ್ಲಾಪ್ಟನ್! ಬೆರಳುಗಳು ನಿಂತೇಹೋದವು. ಏನಾಯಿತೆಂದು ಅರಿಯದೆ ತಂಡದ ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್ ಅದನ್ನು ಎತ್ತಿಕೊಂಡು ನುಡಿಸತೊಡಗಿದ. ಅವನೂ ತಲೆ ಎತ್ತಿ ಕ್ಲಾಪ್ಟನ್‌ನನ್ನು ಕಂಡದ್ದೇ ಬೆನ್ನು ತಿರುಗಿಸಿ ನಿಂತುಬಿಟ್ಟ! ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಸ್ಟುಡಿಯೋಗೆ ಬಂದು ರಾತ್ರಿಯಿಡೀ, ಮರುದಿನ ಹೊತ್ತೇರುವ ತನಕ ಕೂಡಿ ನುಡಿಸಿದರು. ಡೌಡ್ ಟೇಪು ನಿಲ್ಲಿಸಲೇ ಇಲ್ಲ. ಆ ಟೇಪುಗಳು 1990ರಲ್ಲಿ ಹೊರಬಂದವು.

ಡ್ವೇನ್ ಆಲ್ಬಮ್ಮಿನೊಳಗೇ ಬಂದುಬಿಟ್ಟ. ಮೂರು ವರ್ಷದ ಹಿಂದೆ ಮಾರ್ಷಲ್ ಗೋಡೆ ಕಟ್ಟಿಕೊಂಡು ಬಂದಿದ್ದ ಕ್ಲಾಪ್ಟನ್ ಈಗ ಕಂಕುಳಲ್ಲಿ ಎತ್ತಿಕೊಂಡು ಹೋಗಬಹುದಾದ ಪುಟ್ಟ ಫೆಂಡರ್ ಆಂಪ್ಲಿಫಯರಿನಿಂದ ನುಡಿಸುತ್ತಿದ್ದ. ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಮೈಕಿಗೆ ಬೀಳುವಷ್ಟು ಮೆಲ್ಲಗೆ! ನಾವು ಕೇಳಿ ಬೆವರುವ ‘ಲೈಲಾ’ದ ಅಬ್ಬರವೆಲ್ಲ ಆ ಗೂಡಿನಷ್ಟು ಪೆಟ್ಟಿಗೆಯಿಂದ, ಡೌಡ್ ಇಟ್ಟ ಮೈಕಿನಿಂದ ಹೊಮ್ಮಿದ್ದು.

ಹಾಡಿನ ಹೆಸರು ನಮಗೆ ಹೊಸದಲ್ಲ. ನಿಜಾಮಿ ಕವಿಯ ಪರ್ಷಿಯನ್ ಕಾವ್ಯದ ಲೈಲಾ-ಮಜ್ನು ನಮ್ಮ ಹಳೆಯ ಸಿನಿಮಾ ಟೆಂಟುಗಳಿಗೂ ಪರಿಚಿತರೇ. ಗೆಳೆಯ ಜಾರ್ಜ್ ಹ್ಯಾರಿಸನ್ ಹೆಂಡತಿಯ ಮೇಲಿನ ಮೋಹದಲ್ಲಿ ಬೇಯುತ್ತಿದ್ದ ಕ್ಲಾಪ್ಟನ್‌ಗೆ ಆ ಹುಚ್ಚುಪ್ರೇಮಿಯ ಕಥೆ ತನ್ನದೇ ಅನಿಸಿತು. ಕೊನೆಯ ಪಿಯಾನೊ ಭಾಗ ಮೊದಲು ಹಾಡಿನಲ್ಲಿ ಇರಲೇ ಇಲ್ಲ. ಕೆಲವು ವಾರಗಳ ನಂತರ ಡ್ರಮ್ಮರ್ ಜಿಮ್ ಗಾರ್ಡನ್ ಪಿಯಾನೊದಲ್ಲಿ ನುಡಿಸಿದ್ದನ್ನು ಮುದ್ರಿಸಿ ಹಾಡಿನ ಬಾಲಕ್ಕೆ ಬೆಸೆದದ್ದು! ಬೆಸುಗೆ ಎಲ್ಲಿದೆ ಹುಡುಕಿ ನೋಡೋಣ.

ಮಾರ್ಕ್ ಮೂರ್‌ಮನ್ ತೆಗೆದ ‘ಟಾಮ್ ಡೌಡ್ ಅಂಡ್ ದ ಲ್ಯಾಂಗ್ವೇಜ್ ಆಫ್ ಮ್ಯೂಸಿಕ್’ ಎಂಬ ಸಾಕ್ಷ್ಯಚಿತ್ರದಲ್ಲಿ ಒಂದು ದೃಶ್ಯವಿದೆ. ರೇ ಚಾರ್ಲ್ಸ್, ಕ್ಲಾಪ್ಟನ್, ಲೆಸ್ ಪಾಲ್, ಎರ್ಟೆಗುನ್ ಎಲ್ಲರೂ ಮಾತಾಡುವ ಆ ಚಿತ್ರದ ಜೀವ ಈ ದೃಶ್ಯದಲ್ಲೇ ಇದೆ. ಗಡ್ಡ ಬಿಳಿಯಾದ ಡೌಡ್ ‘ಲೈಲಾ’ದ ಮೂಲ ಟೇಪನ್ನು ಯಂತ್ರಕ್ಕೆ ಹಾಕಿ ಮೇಜಿನ ಮುಂದೆ ಕೂರುತ್ತಾನೆ. ಒಂದು ಫೇಡರ್ ಏರಿಸುತ್ತಾನೆ, ಕ್ಲಾಪ್ಟನ್ ಗಿಟಾರ್ ಮಾತ್ರ. ಅದನ್ನು ಇಳಿಸಿ ಇನ್ನೊಂದು, ಡ್ವೇನ್ ಮಾತ್ರ. ಮೂರನೆಯದು, ಇಬ್ಬರೂ ಹೆಣೆದುಕೊಂಡದ್ದು. ಲಕ್ಷಾಂತರ ಜನ ಸಾವಿರ ಸಲ ಕೇಳಿದ ಹಾಡು ಕಣ್ಣೆದುರೇ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ! ಡ್ವೇನ್ ಸ್ಲೈಡ್ ಕೊಳವೆ ಜಾರಿಸುತ್ತ ಗಿಟಾರಿನ ಕೊನೆಯ ಮೆಟ್ಟಿಲನ್ನೂ ದಾಟಿಹೋಗಿದ್ದಾನೆ, ಅಂಥ ಸ್ವರಗಳಿಗೆ ವಾದ್ಯದ ಮೇಲೆ ಮನೆಯೇ ಇಲ್ಲ ಎಂದು ಡೌಡ್ ತೋರಿಸಿ ನಗುತ್ತಾನೆ. ಮೂವತ್ತು ವರ್ಷ ಕಳೆದಿದೆ, ಅವನ ಬೆರಗು ಒಂದಿಷ್ಟೂ ಮಾಸಿಲ್ಲ.

ಆಲ್ಬಂ ಬಂದಾಗ ಜನ ಅಷ್ಟಾಗಿ ತಿರುಗಿ ನೋಡಲಿಲ್ಲ. 1972ರಲ್ಲಷ್ಟೇ ‘ಲೈಲಾ’ ದೊಡ್ಡ ಹಿಟ್ ಆಯಿತು. ಡೌಡ್‌ಗೆ ಮಾತ್ರ ಸಂಶಯವೇ ಇರಲಿಲ್ಲ: ‘ದ ಜೀನಿಯಸ್ ಆಫ್ ರೇ ಚಾರ್ಲ್ಸ್’ ಆಲ್ಬಂ ಆದ ಮೇಲೆ ತಾನು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ಅವನು ಅಂದೇ ಹೇಳಿದ್ದ.

ತುತ್ತೂರಿಗಳಿಗೆ ಗೇಟ್‌ಪಾಸ್

1971ರ ಮಾರ್ಚ್ ಆರಂಭದಲ್ಲಿ ಆಫ್ರಿಕದ ಘಾನಾದಲ್ಲಿ ‘ಸೋಲ್ ಟು ಸೋಲ್’ ಕಾರ್ಯಕ್ರಮದ ಕೆಲಸ. ಅಲ್ಲಿಂದ ನ್ಯೂಯಾರ್ಕಿಗೆ ಬಂದಿಳಿದ ಡೌಡ್ ನೇರವಾಗಿ ಫಿಲ್ಮೋರ್ ಈಸ್ಟ್ ರಂಗಮಂದಿರಕ್ಕೆ. ಆಲ್‌ಮನ್ ಬ್ರದರ್ಸ್ ಕಾರ್ಯಕ್ರಮವನ್ನು ಹೊರಗೆ ನಿಂತ ಟ್ರಕ್ಕಿನಲ್ಲಿ 16 ಟ್ರ್ಯಾಕುಗಳ ಮೇಲೆ ಮುದ್ರಿಸುವುದಿತ್ತು. ಶುರುವಾಯಿತು. ಇದ್ದಕ್ಕಿದ್ದಂತೆ ಗಿಟಾರುಗಳ ನಡುವೆ ತುತ್ತೂರಿ, ಸ್ಯಾಕ್ಸೊಫೋನು! ಇವರನ್ನು ಕರೆದವರ್ಯಾರು? ಶ್ರುತಿಯೂ ಇಲ್ಲ, ತಾಲೀಮೂ ಇಲ್ಲ. ಡೌಡ್ ಟ್ರಕ್ಕಿನೊಳಗೇ ತಲೆ ಚಚ್ಚಿಕೊಂಡ. ಆಟ ಮುಗಿದದ್ದೇ ತಡ, ಅವರನ್ನು ಕಳಿಸಿಬಿಡಿ ಎಂದು ಪಟ್ಟು ಹಿಡಿದ. ಕಳಿಸಿದರು.

ಪ್ರತಿ ರಾತ್ರಿ ಕಾರ್ಯಕ್ರಮವಾದ ಮೇಲೆ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಕೂತು ಟೇಪು ಕೇಳುವುದು. ಇದು ಆಯಿತು, ಇದು ನಾಳೆ ಇನ್ನೊಮ್ಮೆ ಆಗಲಿ ಎಂದು ತೀರ್ಮಾನಿಸುವುದು. ಹೀಗೆ ಹುಟ್ಟಿದ ‘ಅಟ್ ಫಿಲ್ಮೋರ್ ಈಸ್ಟ್’ ರಾಕ್ ಚರಿತ್ರೆಯ ಶ್ರೇಷ್ಠ ವೇದಿಕೆ ಮುದ್ರಣಗಳ ಸಾಲಿನಲ್ಲಿ ಮೊದಲಿಗೆ ನಿಲ್ಲುತ್ತದೆ. ಎರಡು ಗಿಟಾರು, ಎರಡು ಡ್ರಮ್ಸ್, ಬೇಸ್, ಆರ್ಗನ್. ಒಬ್ಬರ ಮೇಲೊಬ್ಬರು ಬೀಳಬೇಕಾದ ಜಾಗದಲ್ಲಿ ಆರೂ ಜನ ಬೇರೆ ಬೇರೆ ಕೇಳುತ್ತಾರೆ! ಆ ವರ್ಷದ ಅಕ್ಟೋಬರ್ 29ರಂದು ಡ್ವೇನ್ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ. ವಯಸ್ಸು 24.

ಇನ್ನು ನಿಮ್ಮ ಸರದಿ

ಆಮೇಲಿನದು ಹಿಟ್‌ಗಳ ಮೆರವಣಿಗೆ. ಮಾದಕವ್ಯಸನದಿಂದ ಎದ್ದುಬಂದ ಕ್ಲಾಪ್ಟನ್‌ಗೆ 1974ರಲ್ಲಿ ‘461 ಓಷನ್ ಬೂಲವಾರ್ಡ್’. 1975ರಲ್ಲಿ ರಾಡ್ ಸ್ಟುವರ್ಟ್‌ಗೆ ‘ಅಟ್ಲಾಂಟಿಕ್ ಕ್ರಾಸಿಂಗ್’, ಅದರಲ್ಲಿ ‘ಸೇಲಿಂಗ್’. 1976ರಲ್ಲಿ ಅಟ್ಲಾಂಟಾದ ಫಾಕ್ಸ್ ಥಿಯೇಟರಿನಲ್ಲಿ ಲಿನರ್ಡ್ ಸ್ಕಿನರ್ಡ್ ತಂಡದ ವೇದಿಕೆ ಆಲ್ಬಂ, ಅದರಲ್ಲಿ ‘ಫ್ರೀ ಬರ್ಡ್’. ಮರುವರ್ಷ ಆ ತಂಡದ ವಿಮಾನ ಬಿದ್ದು ಗಾಯಕ ರಾನಿ ವ್ಯಾನ್ ಜ್ಯಾಂಟ್ ಸೇರಿ ಹಲವರು ಸತ್ತರು. ಅಂದು ಅಕ್ಟೋಬರ್ 20, ಡೌಡ್‌ನ 52ನೆಯ ಹುಟ್ಟುಹಬ್ಬ.

2002ರಲ್ಲಿ ಗ್ರ್ಯಾಮಿಯವರ ಟ್ರಸ್ಟೀಸ್ ಪ್ರಶಸ್ತಿ ಬಂತು. ಅದೇ ವರ್ಷ ಅಕ್ಟೋಬರ್ 27ರಂದು, 77 ತುಂಬಿ ವಾರವಾದಾಗ, ಶ್ವಾಸಕೋಶದ ಕಾಯಿಲೆಯಿಂದ ಡೌಡ್ ಫ್ಲಾರಿಡಾದಲ್ಲಿ ತೀರಿಕೊಂಡ. ಮೂರ್‌ಮನ್ ಚಿತ್ರ ತೆರೆಕಂಡದ್ದು ಅದಾದ ಮೇಲೆ. ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಅವನ ಹೆಸರನ್ನು ಸೇರಿಸಿಕೊಂಡಿದ್ದು 2012ರಲ್ಲಿ. ಅವನು ಧ್ವನಿ ಹಿಡಿದುಕೊಟ್ಟ ರೇ ಚಾರ್ಲ್ಸ್‌ನನ್ನೂ ಅರೀಥಾಳನ್ನೂ ಅದೇ ಸಂಸ್ಥೆ ಎಂಬತ್ತರ ದಶಕದಲ್ಲೇ ಸೇರಿಸಿಕೊಂಡಿತ್ತು!

ಪ್ರಶಸ್ತಿ ತಡವಾದರೂ ಪುರಾವೆ ಎಲ್ಲೂ ಹೋಗಿಲ್ಲ, ಅದು ನಿಮ್ಮ ಮೊಬೈಲಿನಲ್ಲೇ ಇದೆ. ಇಯರ್‌ಫೋನ್ ಹಾಕಿಕೊಳ್ಳಿ. ‘ವಿಪಿಂಗ್ ಪೋಸ್ಟ್’ ಹಾಕಿ ಒಂದು ಸಲ ಎರಡು ಗಿಟಾರುಗಳ ಜಗಳ ಕೇಳಿ, ಇನ್ನೊಂದು ಸಲ ಡ್ರಮ್ಮರುಗಳಿಬ್ಬರ ಸಂಚು ಕೇಳಿ. ‘ಲೈಲಾ’ದಲ್ಲಿ ಕ್ಲಾಪ್ಟನ್ ಹಾಡುತ್ತಿರುವಾಗ ಮೇಲೆ ಹಕ್ಕಿಯ ಹಾಗೆ ಕೂಗುವ ಡ್ವೇನ್‌ನನ್ನು ಹಿಡಿಯಿರಿ. ಕೊನೆಗೆ ಅರೀಥಾಳ ‘ರೆಸ್ಪೆಕ್ಟ್’ ಹಾಕಿ. ಕಷ್ಟ ನಿಜ, ಆದರೂ ಎರಡು ನಿಮಿಷ ಆ ಕಂಠದಿಂದ ಕಿವಿ ಕೀಳಿ, ಟಾಮಿ ಕಾಗ್‌ಬಿಲ್ ನುಡಿಸಿದ ಬೇಸ್ ಗಿಟಾರಿನ ಬೆನ್ನು ಹತ್ತಿ. ಮೊದಲಿನಿಂದ ಕಡೆಯತನಕ ಅದು ಒಮ್ಮೆಯೂ ಕೈತಪ್ಪದೆ ಸಿಕ್ಕಿತೋ, ಟಾಮ್ ಡೌಡ್ ಸಿಕ್ಕನೆಂದೇ ಲೆಕ್ಕ!